ಕೆಂಪು ಅಂದರೆ ಯಾವ ಕೆಂಪು

ಪರಿಚಯವಾದ ಮೊದಲ ದಿನವೇ ಕಾಕಾ ನನ್ನ ಕಪಾಳಕ್ಕೆ ಹೊಡೆದಿದ್ದರು. ನಾನು ಆಗಷ್ಟೇ ಜಮಖಂಡಿಯ ಹೈಸ್ಕೂಲೊಂದಕ್ಕೆ ವಿಜ್ಞಾನದ ಮಾಸ್ತರನಾಗಿ ಬಂದಿದ್ದೆ. ಬೆರಳಲ್ಲಿ ಒಂದು ಉಂಗುರವಿತ್ತು. ಮಗನ ಜಾತಕದಲ್ಲಿ ಸೂರ್ಯ ಸೊರಗಿದ್ದಾನೆ ಎಂದು ಮುಧೋಳದ ಒಬ್ಬ ಜ್ಯೋತಿಷಿ ನಮ್ಮವ್ವನಿಗೆ ಹೇಳಿ ಕೊಡಿಸಿದ್ದು. ಅದರ ಹರಳು ಅಲುಗಾಡುತ್ತಿತ್ತು. ಪೇಟೆಯ ಓಣಿಯಲ್ಲಿ ಹರಳು ಕೂರಿಸುವ ಪತ್ತಾರರೊಬ್ಬರಿದ್ದಾರೆ ಎಂದು ಕೇಳಿ ಹೋದೆ.

"ಇದೊಂದು ಕೆಂಪು ಐತ್ರಿ. ಸ್ವಲ್ಪ ಗಟ್ಟಿ ಮಾಡ್ರಿ."

ಅವರು ಉಂಗುರವನ್ನು ಕಿಟಕಿಯ ಬೆಳಕಿಗೆ ಹಿಡಿದು ಎರಡು ಸಲ ಹೊರಳಿಸಿದರು. "ಯಾರಂದ್ರು ಕೆಂಪು ಅಂತ?"

"ನೋಡಿದ್ರ ಗೊತ್ತಾಗೂದಿಲ್ಲೇನ್ರಿ? ನಾ ಸೈನ್ಸ್ ಮಾಸ್ತರ ಅದೇನಿ."

ಫಟ್ ಎಂದು ಬಿತ್ತು. ಕನ್ನಡಕ ಹೋಗಿ ಅರಗಿನ ಡಬ್ಬಿಯ ಮೇಲೆ ಕೂತಿತು. "ಸಾಲ್ಯಾಗ ಹುಡುಗ್ರಿಗೂ ಹಿಂಗ ಕಲಸ್ತೀಯೇನಲೇ? ಕೆಂಪು ಬಣ್ಣದ ಹೆಸರೂ ಹೌದು, ಹರಳಿನ ಹೆಸರೂ ಹೌದು. ನೀ ಯಾವ ಕೆಂಪು ಹೇಳಾಕತ್ತೀ, ಅದನ್ನ ಮೊದಲ ಹೇಳು!"

ಠಾಣೆಗೆ ಹೋಗಿ ದೂರು ಕೊಡುವಷ್ಟು ಸಿಟ್ಟು ಬಂದಿತ್ತು. ಆದರೆ ಅವರು ಕೇಳಿದ್ದು ಸರಿಯಾಗಿಯೇ ಇತ್ತು. ನಮ್ಮಲ್ಲಿ ಮಾಣಿಕ್ಯಕ್ಕೂ ಕೆಂಪು ಅನ್ನುತ್ತಾರೆ, ಕೆಂಪಗಿರುವ ಯಾವ ಹರಳಿಗಾದರೂ ಕೆಂಪು ಅನ್ನುತ್ತಾರೆ. ಹೇಳುವವನು ಒಂದು ಅರ್ಥದಲ್ಲಿ ಹೇಳುತ್ತಾನೆ, ಕೇಳುವವನು ಇನ್ನೊಂದು ಅರ್ಥದಲ್ಲಿ ಕೇಳಿಸಿಕೊಳ್ಳುತ್ತಾನೆ. ನನ್ನ ಉಂಗುರದಲ್ಲಿದ್ದದ್ದು ಗಾರ್ನೆಟ್, ಮಾಣಿಕ್ಯಕ್ಕಿಂತ ಎಷ್ಟೋ ಅಗ್ಗದ, ಗುಲಾಬಿ ಬೆರೆತ ಕೆಂಪಿನ ಹರಳು. ಕಾಕಾ ಅದನ್ನು ಗಟ್ಟಿ ಮಾಡಿಕೊಟ್ಟು, ಕಪಾಳ ಉಜ್ಜಿಕೊಳ್ಳುತ್ತ ಕೂತಿದ್ದ ನನಗೆ ಒಂದು ಕಪ್ ಚಹಾ ತರಿಸಿದರು.

ಆ ಕಾಕಾ ಹೋದ ತಿಂಗಳು ತೀರಿಕೊಂಡರು. ಮಣ್ಣಿಗೆ ಬಂದವರು ಹನ್ನೊಂದೇ ಮಂದಿ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಈ ನಾಲ್ಕೂ ತಾಲೂಕಿನವರು ಆ ಹೆಸರನ್ನು 'ಕಳ್ಳ' ಎಂಬ ಮಾತಿನ ಜೊತೆಗೆ ಮೊಬೈಲಿನಲ್ಲಿ ನೋಡಿಬಿಟ್ಟಿದ್ದಾರೆ. ಊರು ಅವರನ್ನು ಕಾಕಾ ಎಂದೇ ಕರೆಯುತ್ತಿತ್ತು. ನನಗೂ ಅಷ್ಟು ಸಾಕು.

ಕುಳ್ಳ ಮನುಷ್ಯ, ಮೊಣಕೈತನಕ ಸುಟ್ಟ ಕಲೆಗಳು. ಹೆಂಡತಿ ಬೇಗ ತೀರಿಹೋಗಿದ್ದಳು, ಮಕ್ಕಳಿರಲಿಲ್ಲ. ಸಿಟ್ಟು ಮಾತ್ರ ಮನೆತುಂಬ ಇತ್ತು. ಬಣ್ಣದ ಗಾಜನ್ನು ಹರಳೆಂದು ಮಾರಲು ಬಂದ ಒಬ್ಬ ಏಜೆಂಟನ ಚೀಲದೊಳಕ್ಕೆ ಕಾದ ಅರಗು ಸುರುವಿದ್ದನ್ನು ನಾನೇ ಕಂಡಿದ್ದೇನೆ. ಅವನು ಬಾಯಿ ಮಾಡಿದಾಗ ಊದುಗೊಳವೆಯಿಂದ ಮೊಣಕಾಲಿಗೆ ಎರಡು ಬಿಟ್ಟರು. ಲೋಕಾಪುರದ ಅಣ್ಣತಮ್ಮಂದಿರಿಬ್ಬರು ಸತ್ತ ತಾಯಿಯ ಬುಗುಡಿಗಾಗಿ ಅಂಗಡಿಯಲ್ಲೇ ಹೊಡೆದಾಡಿಕೊಂಡರು. ಕಾಕಾ ಮಣೆ ಎತ್ತಿ ಇಬ್ಬರಿಗೂ ಸಮ ಹಂಚಿದರು. ಅವರ ಜೊತೆ ಹತ್ತು ನಿಮಿಷ ಕೂತರೆ ಯಾರಾದರೊಬ್ಬರು ಏಟು ತಿನ್ನುವುದನ್ನು ನೋಡಬೇಕಾಗುತ್ತಿತ್ತು. ಆದರೂ ಮಂದಿ ಬರುತ್ತಿದ್ದರು. ಹರಳಿನ ವಿಷಯದಲ್ಲಿ ಕಾಕಾ ಸುಳ್ಳು ಹೇಳಿದ್ದನ್ನು ಯಾರೂ ಕೇಳಿರಲಿಲ್ಲ.

ಮುಧೋಳದ ನಾಯಿ ಮೂಸಿ ಬೇಟೆಯಾಡುವುದಿಲ್ಲ, ನೋಡಿ ಬೇಟೆಯಾಡುತ್ತದೆ. ಕಾಕಾನದೂ ಅಂಥ ಕಣ್ಣು. ಮೊದಲು ಹರಳನ್ನು ನಾಲಿಗೆಯ ಮೇಲಿಡುತ್ತಿದ್ದರು. ಗಾಜಾದರೆ ಲಗೂನೆ ಬೆಚ್ಚಗಾಗುತ್ತದೆ, ಹರಳಾದರೆ ತಣ್ಣಗೇ ಇರುತ್ತದೆ. ಆಮೇಲೆ ಬೆಳಕಿಗೆ ಹಿಡಿದು ತಿರುಗಿಸುತ್ತಿದ್ದರು. ಮಾಣಿಕ್ಯವಾದರೆ ತಿರುಗಿಸಿದಂತೆ ಅದರ ಛಾಯೆ ತುಸು ಬದಲಾಗುತ್ತದಂತೆ. ನನಗೆ ಹದಿನೈದು ವರ್ಷದಲ್ಲಿ ಒಂದು ಸಲವೂ ಕಾಣಲಿಲ್ಲ, ಅವರಿಗೆ ಒಂದು ಸಲವೂ ತಪ್ಪಲಿಲ್ಲ. "ಗಾರ್ನೆಟ್ ಹಂಗಲ್ಲ ನೋಡು ಮಾಸ್ತರ. ಹೆಂಗ ತಿರುವಿದ್ರೂ ಒಂದ ಬಣ್ಣ. ಎರಡ ಮಾರಿ ಇಲ್ಲ ಅದಕ್ಕ."

ಆ ಹರಳಿನ ಮೇಲೆ ಅವರಿಗೆ ವಿಚಿತ್ರ ಅಕ್ಕರೆ. ಮಾಣಿಕ್ಯವನ್ನು ಬೆಂಕಿಗೆ ಹಾಕಿ ಬಣ್ಣ ಏರಿಸುತ್ತಾರೆ, ಬಿರುಕಿಗೆ ಗಾಜು ತುಂಬುತ್ತಾರೆ. ಗಾರ್ನೆಟ್ಟನ್ನು ಸಾಮಾನ್ಯವಾಗಿ ಯಾರೂ ಹಾಗೆ ತಿದ್ದುವುದಿಲ್ಲ, ಹುಟ್ಟಿದ ಬಣ್ಣವೇ ಅದರ ಬಣ್ಣ. ಗುಲಾಬಿ ಗಾರ್ನೆಟ್ಟಿಗೆ ಜೈಪುರದವರು ರೋಡೋಲೈಟ್ ಅನ್ನುತ್ತಾರೆ. ಕಾಕಾ ದಾಳಿಂಬ್ರಿ ಅನ್ನುತ್ತಿದ್ದರು. ಬೀಳಗಿ ಕಡೆಯ ದಾಳಿಂಬೆ ಒಡೆದು, ಒಂದು ಕಾಳನ್ನು ಹರಳಿನ ಪಕ್ಕ ಇಟ್ಟು ತೋರಿಸಿದ್ದರು. ಆದರೆ ಉರಿಯೆಂದರೆ ಅದಕ್ಕೆ ಆಗದು. ಹರಳು ಬಿಚ್ಚದೆ ಬೆಸುಗೆಗೆ ಹಿಡಿದರೆ ಟಿಕ್ ಎಂದು ಸೀಳುತ್ತದೆ. ಒಡೆದದ್ದು, ಕೆಳದರ್ಜೆಯದು ಪುಡಿಯಾಗಿ ಉಜ್ಜುವ ಕಾಗದಕ್ಕೆ ಹೋಗುತ್ತದೆ. ಕಬ್ಬಿಣ ಕೊಯ್ಯುವ ನೀರಿನ ಯಂತ್ರಕ್ಕೂ ಅದೇ ಪುಡಿ ಬೇಕು. "ಬಡಿಗ್ಯಾನ ಕೈಯಾಗೂ ಅದ, ರಾಣಿ ಕೊರಳಾಗೂ ಅದ. ಇಷ್ಟು ದುಡಿಯೂ ಹರಳು ಇನ್ನ್ಯಾವದೈತಿ ತೋರಸು." ಇದು ಮೈಮೇಲಿದ್ದರೆ ಗಾಯದ ರಕ್ತ ನಿಲ್ಲುತ್ತದೆ ಎಂದು ಯಾರೋ ಹೇಳಿದಾಗ ಮಾತ್ರ ಚಿಮಟಾ ಎಸೆದಿದ್ದರು. "ನಿನ್ನ ತಲಿ ಒಡೀತೇನಿ, ಹರಳ ಹಚ್ಚಿ ನಿಂದರ್ಸಕೋ!"

ಅವರ ಬಳಿ ಖರೆ ಮಾಣಿಕ್ಯ ಇದ್ದದ್ದು ಒಂದೇ, ಅಪ್ಪನಿಂದ ಬಂದದ್ದು. ಅದಕ್ಕೆ 'ಯಜಮಾನ' ಎಂದು ಹೆಸರು. ಸಂದೇಹದ ಹರಳು ಬಂದಾಗಲೆಲ್ಲ ಯಜಮಾನನನ್ನು ಹೊರಗೆ ತೆಗೆದು ಪಕ್ಕದಲ್ಲಿಡುತ್ತಿದ್ದರು. ಖೋಟಾ ನೋಟು ಪತ್ತೆಮಾಡುವ ನೇರಳೆ ಬೆಳಕಿನಲ್ಲಿ ಅದು ಕೆಂಡದಂತೆ ಹೊಳೆಯುತ್ತಿತ್ತು, ಗಾರ್ನೆಟ್ ಇದ್ದಲಿನಂತೆ ಸುಮ್ಮನೆ ಇರುತ್ತಿತ್ತು.

ಈ ಕಥೆಯಲ್ಲಿ ನನ್ನ ಪಾಪವೂ ಇದೆ. ಗಾರ್ನೆಟ್ಟಿನಲ್ಲಿ ಕಬ್ಬಿಣದ ಅಂಶ ಇರುವುದರಿಂದ ಜೋರಾದ ಅಯಸ್ಕಾಂತ ಅದನ್ನು ತುಸು ಎಳೆಯುತ್ತದೆ ಎಂದು ಓದಿದ್ದೆ. ಸಾಲೆಯ ಕೆಟ್ಟ ಕಂಪ್ಯೂಟರಿನೊಳಗಿನ ಅಯಸ್ಕಾಂತ ಬಿಚ್ಚಿ ತಂದು ಕಾಕಾಗೆ ಕೊಟ್ಟೆ. ಬಟ್ಟಲಲ್ಲಿ ನೀರು, ನೀರಿನ ಮೇಲೆ ಥರ್ಮಾಕೋಲಿನ ಚೂರು, ಅದರ ಮೇಲೆ ಹರಳು. ಅಯಸ್ಕಾಂತ ಹತ್ತಿರ ಹಿಡಿದರೆ ಗಾರ್ನೆಟ್ ಮೆಲ್ಲಗೆ ತೇಲಿಕೊಂಡು ಬರುತ್ತದೆ. ಮಾಣಿಕ್ಯ ಕದಲುವುದಿಲ್ಲ. ಕಾಕಾ ಕೂಸಿನಂತೆ ಕುಣಿದರು. ಅಂದಿನಿಂದ ಅಂಗಡಿಯಲ್ಲಿ ಅದೊಂದು ಆಟವೇ ಆಯಿತು. ಸಂತೆಯ ದಿನ ಮಂದಿ ಅದನ್ನೇ ನೋಡಲು ನಿಲ್ಲುತ್ತಿದ್ದರು.

ಅಂಥ ಒಂದು ಸಂತೆಯ ದಿನ ಬನಹಟ್ಟಿಯಿಂದ ಅತ್ತೆ ಸೊಸೆ ಬಂದರು. ಪವರ್‌ಲೂಮ್ ಇಟ್ಟ ಮನೆತನ. ಸೊಸೆ ಬೀಳಗಿಯ ಹುಡುಗಿ, ಬಸ್ ಕಂಡಕ್ಟರನ ಮಗಳು, ಸೊಂಟದ ಮೇಲೆ ಹಲ್ಲು ಬರುತ್ತಿದ್ದ ಹೆಣ್ಣುಕೂಸು. ತವರಿನವರು ಮದುವೆಯಲ್ಲಿ ಹಾಕಿದ ಪದಕದ ಹರಳು ಸಡಿಲಾಗಿದೆ ಎಂದು ಇವರೇ ನಾಲ್ಕು ದಿನ ಮೊದಲು ಕೊಟ್ಟು ಹೋಗಿದ್ದರು. ಕಾಕಾ ಹರಳು ಬಿಚ್ಚಿ, ಗೂಡು ಸರಿಪಡಿಸಿ ಇಟ್ಟಿದ್ದರು.

"ನಮ್ಮದೂ ತೇಲಿಸ್ರಲಾ. ಹೆಂಥಾ ಕೆಂಪು ಐತಿ ನೋಡೂಣು" ಎಂದಳು ಅತ್ತೆ.

ಸೊಸೆ ನನ್ನ ಕಡೆ ನೋಡಿದಳು. ಬೇಡ ಎನ್ನುವಂತೆ ತಲೆ ಅಲುಗಿಸಿದಳು, ಯಾರಿಗೂ ಕಾಣದಷ್ಟು ಸಣ್ಣಗೆ. ನನಗೆ ಕಂಡಿತು. ಕಂಡೂ ನಾನು ಬಟ್ಟಲಿನ ಕಡೆ ತಿರುಗಿದೆ, ಏಕೆಂದರೆ ಆಟ ನನ್ನದಾಗಿತ್ತು. ಆ ಹರಳು ತೇಲಿ ಬಂದು ಅಯಸ್ಕಾಂತದ ಬಳಿ ಬಟ್ಟಲಿಗೆ ತಾಗಿತು. ನಿಂತವರು ಚಪ್ಪಾಳೆ ಹೊಡೆದರು, ನಾನೂ ಹೊಡೆದೆ.

"ಕೆಂಪಲ್ಲವ್ವಾ ಇದು, ಗಾರ್ನೆಟ್. ಭಾಳ ಛಲೋ ಗಾರ್ನೆಟ್" ಎಂದರು ಕಾಕಾ ಹೆಮ್ಮೆಯಿಂದ. ಅತ್ತೆಯ ಕಿವಿಗೆ ಮೊದಲಿನ ಮಾತಷ್ಟೇ ಬಿದ್ದಿತ್ತು. "ಕೂಡಸಿ ಕೊಡ್ರಿ" ಎಂದು ಪದಕ ತೆಗೆದುಕೊಂಡು ಹೋದಳು.

ಐದನೆಯ ದಿನಕ್ಕೆ ಆ ಹುಡುಗಿಯ ಅಪ್ಪ ಬಂದ. ಖಾಕಿ ಅಂಗಿಯಲ್ಲೇ ಇದ್ದ. ಬಂದವನೇ ಕಾಕಾನ ಕೊರಳಪಟ್ಟಿ ಹಿಡಿದು ಗೋಡೆಗೆ ಗುದ್ದಿದ. ಗೋಡೆಯ ಹಲಗೆಯಿಂದ ಡಬ್ಬಿಗಳು ಉದುರಿದವು.

"ನನ್ನ ಮಗಳ ಕೈ ಮುರದಾರ! ಲಾಳಿ ತಗೊಂಡು ಹೊಡದಾರ, ಮಗ್ಗದ ಲಾಳಿ! ನಾ ಕೆಂಪಿನ ಪದಕ ಹಾಕ್ತೇನಿ ಅಂದಿದ್ದೆ. ಕೆಂಪ ಐತಲ್ರಿ ಅದು! ನಾ ಎಲ್ಲಿ ಸುಳ್ಳು ಹೇಳಿದೆ?"

ಹೊಡೆತಕ್ಕೆ ಹೊಡೆತ ಕೊಡದೆ ಕಾಕಾ ನಿಂತದ್ದನ್ನು ನಾನು ಕಂಡದ್ದು ಅದೇ ಮೊದಲು. ಆ ಬಡಪಾಯಿ ಕಂಡಕ್ಟರ್, ಪದಕ ಮಾರಿದ ಅಂಗಡಿಯವನು ಕೆಂಪು ಎಂದದ್ದನ್ನು ನಂಬಿ ಕೊಂಡಿದ್ದ, ಬೀಗರಿಗೂ ಅದನ್ನೇ ಹೇಳಿದ್ದ. ಅವರು ಮಾಣಿಕ್ಯ ಎಂದು ತಿಳಿದಿದ್ದರು. ಈಗ ಅಪ್ಪ ಮೋಸಗಾರ, ಮಗಳು ಮೋಸಗಾರನ ಮಗಳು. ಕೈ ಮುರಿದು, ಕೂಸನ್ನು ಕಿತ್ತುಕೊಂಡು, ಖರೆ ಕೆಂಪು ತಂದರೆ ಕೂಸು ಎಂದು ಹೊರಗೆ ಹಾಕಿದ್ದರು. ಠಾಣೆಗೆ ಹೋದರೆ, ಮನೆಯವರು ಕೂತು ಬಗೆಹರಿಸಿಕೊಳ್ಳಿ ಎಂದು ಕಳಿಸಿದ್ದರು.

ದವಾಖಾನೆಗೆ ಹೋದೆವು. ಹುಡುಗಿಯ ಎಡಗೈ ಪೂರ್ತಿ ಪ್ಲಾಸ್ಟರ್, ತುಟಿ ಒಡೆದಿತ್ತು, ಒಂದು ಕಣ್ಣು ಮುಚ್ಚಿಹೋಗಿತ್ತು. ಕೂಸಿಗೆ ಕೊಡಬೇಕಾದ ಹಾಲು ರವಿಕೆಯನ್ನು ತೋಯಿಸಿತ್ತು. ಕಾಕಾ ಏನೋ ಹೇಳಲು ಬಾಯಿ ತೆರೆದರು.

"ಕಾಕಾರ, ನೀವು ಹರಳ ನೋಡಿದ್ರಿ. ನನ್ನ ಮಾರಿ ನೋಡಲಿಲ್ಲ" ಎಂದಳು ಅವಳು.

ಅವಳ ಮುಖ ನೋಡಿದವನು ನಾನು. ಆ ಮಾತು ನನ್ನದಾಗಬೇಕಿತ್ತು. ಅದನ್ನೂ ಕಾಕಾನೇ ತೆಗೆದುಕೊಳ್ಳಲು ಬಿಟ್ಟೆ. ಸ್ವಲ್ಪ ಹೊತ್ತಿನ ಮೇಲೆ "ಮಾಸ್ತರ, ಹೋಗಿ ಎಲ್ಲಾರಿಗೂ ಚಹಾ ತಗೊಂಡ ಬಾ" ಎಂದರು. ನಾನು ಚಹಾ ತಂದಾಗ ಅಪ್ಪ ಎದ್ದು ಬಂದು ಮೊದಲ ಕಪ್ಪನ್ನು ತಾನೇ ಕಾಕಾನ ಕೈಗೆ ಕೊಟ್ಟ.

ಮೂರು ದಿನ ಬಿಟ್ಟು, ಮುಂಜಾನೆ ಹತ್ತರ ಸುಮಾರಿಗೆ, ಕಾಕಾ ನನ್ನ ಮೋಟರ್‌ಸೈಕಲ್ ಹತ್ತಿದರು. ಕೈಯಲ್ಲಿ ಹತ್ಯಾರಗಳ ಸಣ್ಣ ಚೀಲ. ಬನಹಟ್ಟಿಗೆ ನಡಿ ಎಂದರು. ದಾರಿಯಲ್ಲಿ ಒಂದೇ ಮಾತು ಹೇಳಿದರು: "ಅಲ್ಲೆ ನಾ ಏನ ಅಂದ್ರೂ ನೀ ತುಟಿ ಪಿಟಕ್ಕನ್ನಬಾರದು. ಅಂದ್ಯೋ, ಹಲ್ಲು ಮುರೀತೇನಿ."

ಆ ಓಣಿಯಲ್ಲಿ ಎಲ್ಲ ಮನೆಯಲ್ಲೂ ಮಗ್ಗಗಳು ಪಟಪಟ ಬಡಿಯುತ್ತಿದ್ದವು. ಕಾಕಾ ಪಡಸಾಲೆಯಲ್ಲಿ ಕೂತು, ಅತ್ತೆ, ಹುಡುಗಿಯ ಗಂಡ, ಅವನ ತಮ್ಮ ಇವರ ಮುಂದೆ ಹೇಳಿದರು: "ಪದಕದಾಗ ಇದ್ದದ್ದು ಖರೆ ಕೆಂಪು. ನಾಲ್ಕ ದಿನ ನನ್ನ ಕಡೆ ಇತ್ತಲ್ಲ, ಆವಾಗ ನಾನಽ ತಗದು ಗಾರ್ನೆಟ್ ಇಟ್ಟೆ. ಬೀಳಗಿ ಮಂದೀದು ತಪ್ಪಿಲ್ಲ. ಕಳ್ಳ ನಾನು."

ಕದ್ದವನು ತಾನೇ ಯಾಕೆ ಸಂತೆಯ ಮಂದಿಯ ಮುಂದೆ ಅದನ್ನು ತೇಲಿಸಿ ತೋರಿಸುತ್ತಾನೆ? ಒಬ್ಬರೂ ಕೇಳಲಿಲ್ಲ. ಕೈ ಮೇಲೆದ್ದವರಿಗೆ ಲೆಕ್ಕ ಹತ್ತುವುದಿಲ್ಲ. ಸಣ್ಣವನು ಅಲ್ಲೇ ಎದೆಗೆ ಒದ್ದ. ಕಾಕಾ ಮಗುಚಿ ಬಿದ್ದರು, ತುಟಿ ಒಡೆಯಿತು, ಮತ್ತೆ ಎದ್ದು ಕೂತರು. "ತಡಿ. ಮೊದಲ ಕೆಲಸ ಮುಗೀಲಿ. ಆಮ್ಯಾಲೆ ಈ ಕೈ ನಿಮ್ದು."

ಪದಕ ತರಿಸಿಕೊಂಡರು. ಗಾರ್ನೆಟ್ ಬಿಚ್ಚಿ, ಚೀಲದಿಂದ ಯಜಮಾನನನ್ನು ತೆಗೆದು ಕೂರಿಸತೊಡಗಿದರು. ಗೂಡಿಗೆ ಅದು ತುಸು ಸಣ್ಣದಾಯಿತು. ಸುತ್ತ ಚಿನ್ನವನ್ನು ಒತ್ತಿ ಒತ್ತಿ ಸರಿಮಾಡಿದರು. ತುಟಿಯ ರಕ್ತ ಅಂಗೈ ಮೇಲೆ ಬೀಳುತ್ತಿತ್ತು, ಒರೆಸಿಕೊಂಡು ಮತ್ತೆ ಒತ್ತುತ್ತಿದ್ದರು. ಹದಿನೈದು ವರ್ಷದಲ್ಲಿ ಅವರು ಅಷ್ಟು ನಿಧಾನವಾಗಿ ಕೆಲಸ ಮಾಡಿದ್ದನ್ನು ನಾನು ನೋಡಿರಲಿಲ್ಲ.

"ಆತು" ಎಂದು ಪದಕವನ್ನು ಅತ್ತೆಯ ಕೈಗೆ ಕೊಟ್ಟು ಎದ್ದರು. ಎದ್ದವರು ಸುಮ್ಮನೆ ಇರಬಾರದೇ? ಅಂಗಳ ದಾಟಿ ಬೀದಿಯ ನಡುವೆ ನಿಂತು ಗಂಟಲು ಹರಿಯುವಂತೆ ಬೈಯತೊಡಗಿದರು. "ಬರ್ರಿಲೇ ಭಾಡ್ಯಾಗೋಳ! ಗಂಡಸರಿದ್ರ ಬೀದಿಗೆ ಬರ್ರಿ! ನಿಮ್ಮ ಮಗ್ಗಕ್ಕ ಬೆಂಕಿ ಹಚ್ಚಲಿ!"

ಬಂದರು. ಅಣ್ಣತಮ್ಮಂದಿರ ಕೈಯಲ್ಲಿ ಲಾಳಿ, ಕಬ್ಬಿಣದ ಸಳಿ. ಮೊದಲ ಏಟು ಬೆನ್ನಿಗೆ, ಎರಡನೆಯದು ಕಿವಿಯ ಮೇಲೆ. ಒಂದೊಂದೇ ಮಗ್ಗ ನಿಂತಿತು, ಓಣಿಯ ಮಂದಿಯೆಲ್ಲ ಹೊರಗೆ ಬಂದರು. ಕಳ್ಳ ಎಂಬ ಮಾತು ಕೇಳಿದ ಮೇಲೆ ಸಂಬಂಧವಿಲ್ಲದವರೂ ಒಂದೊಂದು ಒದೆ ಹಾಕಿದರು. ಮೊಬೈಲುಗಳು ಮೇಲೆದ್ದವು. ಬಲಗೈಯನ್ನು ಬಾಗಿಲ ಕಲ್ಲಿನ ಮೇಲೆ ಇಡಿಸಿ ಅದರ ಮೇಲೆ ಲಾಳಿಯ ತುದಿಯಿಂದ ಕುಟ್ಟಿದರು. ಎಲುಬು ಮುರಿದ ಸದ್ದು ನನಗೆ ಕೇಳಿಸಿತು. ಹೊಡೆಯುವವರು ದಣಿದು ನಿಂತಾಗಲೆಲ್ಲ ಕಾಕಾ ಮತ್ತೆ ಬೈಯುತ್ತಿದ್ದರು, ಅವರು ಮತ್ತೆ ಹೊಡೆಯುತ್ತಿದ್ದರು. ಅತ್ತೆ ಒಬ್ಬಳೇ ಹೊಸ್ತಿಲ ಒಳಗೆ ನಿಂತಿದ್ದಳು. ಕಾಕಾ ಅವಳ ತವರುಮನೆಯನ್ನು ಎತ್ತಿ ಬೈದರು. ಅವಳೂ ಕಸಬರಿಗೆ ಹಿಡಿದು ಬೀದಿಗೆ ಇಳಿದಳು. ಈ ಮನುಷ್ಯನಿಗೆ ಇವನ ಸಿಟ್ಟೇ ಯಮ ಎಂದು ನಾನು ಗೋಡೆಗೆ ಒರಗಿ ಅಳುತ್ತಿದ್ದೆ. ಅತ್ತದ್ದು ಬಿಟ್ಟು ಬೇರೇನೂ ಮಾಡಲಿಲ್ಲ. ಒಂದು ಏಟಿಗೂ ಅಡ್ಡ ಹೋಗಲಿಲ್ಲ. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

ಕೊನೆಗೆ ಅವರ ಬಾಯಿ ತಾನಾಗಿ ನಿಂತಿತು. ಸತ್ತರೆಂದು ತಿಳಿದು ಮಂದಿ ಚದುರಿದರು.

ಬಲಗೈಯ ಮೂರು ಬೆರಳು ಮತ್ತೆಂದೂ ಮಡಚಲಿಲ್ಲ. ಪೊಲೀಸರು ವಿಡಿಯೋ ತೋರಿಸಿ ದೂರು ಕೊಡಿ ಎಂದರೆ, "ಕಳ್ಳಗ ಹೊಡದಾರ, ನಿಮಗೇನ ತ್ರಾಸು?" ಎಂದು ಓಡಿಸಿದರು. ಹತ್ತು ವರ್ಷ ಹಿಂದೆ ಹರಳು ಕೂರಿಸಿಕೊಂಡವರೆಲ್ಲ ಬಂದು, ನಮ್ಮದೂ ಬದಲಿಸಿದ್ದೀಯಾ ಎಂದು ಕೂಗಾಡಿದರು. ಅಂಗಡಿಯ ಬಾಗಿಲಿಗೆ ಕಲ್ಲು ಬಿತ್ತು. ಓಣಿಯ ಹೆಂಗಸರು ಅವರು ಎದುರು ಬಂದರೆ ಕೊರಳಿಗೆ ಸೆರಗು ಹೊದ್ದುಕೊಳ್ಳುತ್ತಿದ್ದರು. ನಾನು ನಿಜ ಹೇಳಿಬಿಡುತ್ತೇನೆ ಎಂದಾಗೆಲ್ಲ ಎಡಗೈಯಿಂದ ಹೊಡೆಯಲು ಬರುತ್ತಿದ್ದರು. ಆರು ವರ್ಷ ಹಾಗೆಯೇ ಬದುಕಿದರು. ಆ ಹುಡುಗಿ ಕೂಸಿನೊಂದಿಗೆ ಬೀಳಗಿಯಲ್ಲಿದ್ದಾಳೆ ಎಂಬ ಸುದ್ದಿ ಬಂದಿತ್ತು. ಖರೆ ಕೆಂಪು ಸಿಕ್ಕಿತಲ್ಲ, ಅದಕ್ಕೆ ಕೂಸನ್ನು ಬಿಟ್ಟುಕೊಟ್ಟಿರಬೇಕು ಎಂದು ನಾನು ಅಂದುಕೊಂಡಿದ್ದೆ.

ಮಣ್ಣಿಗೆ ಬಂದ ಹನ್ನೊಂದು ಮಂದಿಯಲ್ಲಿ ಅವಳೂ ಇದ್ದಳು. ಜೊತೆಗೆ ಸಾಲೆಗೆ ಹೋಗುವ ಮಗಳು. ಎಲ್ಲರೂ ಹೋದ ಮೇಲೆ ಅವಳು ನನ್ನ ಹತ್ತಿರ ಬಂದಳು.

"ಸರ, ಎಲ್ಲಾ ಬರೀರಿ. ಕೋರ್ಟಿನ್ಯಾಗ ನನ್ನ ಕೂಸಿನ ತೀರ್ಪು ಆಗೇತಿ, ಇನ್ನ ಯಾರ ಅಂಜಿಕೀನೂ ಇಲ್ಲ. ಅವರು ಕಳ್ಳರಲ್ಲ ಅಂತ ಬರೀರಿ."

"ಯಜಮಾನ ಕೊಟ್ಟು ಕೂಸು ಬಿಡಿಸಿದ್ರಲ್ಲವಾ" ಎಂದೆ.

ಅವಳು ನನ್ನನ್ನೇ ನೋಡಿದಳು. "ನಿಮಗ ಕಾಕಾರು ಹೇಳಲಿಲ್ಲೇನ್ರಿ? ನಮ್ಮ ಅತ್ತೀ ಮನಿಯವ್ರೇನು ಬಿಟ್ಟ ಕೊಡೂ ಮಂದಿ ಅಲ್ರಿ. ದವಾಖಾನ್ಯಾಗ ನೀವು ಚಹಾ ತರಾಕ ಹೋಗಿದ್ರಲ್ಲ, ಆವಾಗ ಕಾಕಾರು ಹೇಳಿದ್ರು. ಅಪ್ಪ ಗಾಡಿ ತಗೊಂಡು ಹಿಂದಿನ ಓಣ್ಯಾಗ ನಿಂದ್ರಲಿ, ನೀ ಹಿತ್ತಲ ಬಾಗಲಾಗ ನಿಂದ್ರು. ನಾ ಬೀದ್ಯಾಗ ಬೈಯಾಕ ಸುರು ಮಾಡಿದ ಕೂಡ್ಲೆ ಮನ್ಯಾಗ ಒಬ್ಬರೂ ಉಳಿಯೂದಿಲ್ಲ. ಒಳಗ ಹೋಗಿ ಕೂಸಿನ್ನ ಎತ್ತಿಕೋ. ನನ್ನ ಬೈಗಳ ಕೇಳಾಕತ್ತಿರೂತನಕ ಅವರು ಬೀದ್ಯಾಗ ಇರ್ತಾರ, ಓಡು, ತಿರುಗಿ ನೋಡಬ್ಯಾಡ ಅಂದಿದ್ರು."

ಸೆರಗಿನಿಂದ ಮೂಗು ಒರೆಸಿಕೊಂಡಳು.

"ಒಂದ ಕೈಲೆ ಕೂಸು ಎತ್ತೂದು ಭಾಳ ಹೊತ್ತಾತ್ರಿ ಸರ. ತೊಟ್ಟಲದಾಗ ಎರಡ ಸಲ ಜಾರಿತು. ಆಮ್ಯಾಲೆ ಸಂದಿ ತಪ್ಪಿ ಬ್ಯಾರೆ ಓಣಿಗೆ ಹೋದೆ, ಮತ್ತ ತಿರುಗಿ ಬಂದೆ. ಇಷ್ಟೊತ್ತು ಯಾರ ತಾಳ್ತಾರ, ಬೈಗಳ ಇನ್ನ ನಿಂತಽ ಹೋಗತೈತಿ ಅಂತ ಅಳಾಕತ್ತಿದ್ದೆ. ನಾ ಗಾಡಿ ಹತ್ತೂತನಕ ಬೈಯೂದು ನಿಂದ್ರಲಿಲ್ರಿ."